ಮಗುಚಿದ ಕಯಾಕನ್ನು ಎತ್ತುವ ಬಗೆಗಳು: ಮೊದಲು ಯಾವ ರೋಲ್ ಕಲಿಯಬೇಕು?

ಕಯಾಕ್ ನಡೆಸುವುದನ್ನು ಕಲಿತು ಒಂದೆರಡು ಹಂಗಾಮು ಕಳೆದವರು ನನ್ನ ಬಳಿ ತರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಮಗುಚಿ ತಲೆಕೆಳಗಾದ ದೋಣಿಯನ್ನು, ಅದರೊಳಗೆ ಕುಳಿತಂತೆಯೇ, ಹುಟ್ಟಿನ ಮತ್ತು ಸೊಂಟದ ಬಲದಿಂದ ಮತ್ತೆ ನೆಟ್ಟಗೆ ಮಾಡುವ ‘ರೋಲ್’ ಎಂಬ ವಿದ್ಯೆಯಲ್ಲಿ ಹಲವು ಬಗೆಗಳಿವೆ. ಸಿ-ಟು-ಸಿ, ಸ್ವೀಪ್, ಪಾವ್ಲಾಟಾ, ಗ್ರೀನ್‌ಲ್ಯಾಂಡಿನ ಲೇಬ್ಯಾಕ್ ಇವುಗಳಲ್ಲಿ ಮೊದಲು ಯಾವುದಕ್ಕೆ ಕೈ ಹಾಕಬೇಕು ಎಂಬುದು ಅವರ ಗೊಂದಲ. ಒಬ್ಬ ತರಬೇತುದಾರರು ಹೊಗಳಿದ್ದನ್ನೇ ಇನ್ನೊಬ್ಬರು ಭುಜ ಕೀಳಿಸಿಕೊಳ್ಳುವ ದಾರಿ ಎನ್ನುತ್ತಾರೆ. ಇಬ್ಬರ ಮಾತೂ ಸುಳ್ಳಲ್ಲ, ಇಬ್ಬರೂ ತಾವು ಮಗುಚಿಕೊಂಡ ನೀರನ್ನು ನೆನೆದು ಮಾತನಾಡುತ್ತಿರುತ್ತಾರೆ. ಆದ್ದರಿಂದ ಯಾವ ರೋಲ್ ಎಂದು ಕೇಳುವ ಮೊದಲು ಯಾವ ನೀರು, ಯಾವ ದೋಣಿ, ಎಂಥ ಮೈ ಎಂದು ಕೇಳಿಕೊಳ್ಳಬೇಕು.

ಅದಕ್ಕೂ ಮೊದಲು ಒಂದು ಮಾತು. ಹೊನ್ನಾವರದ ಶರಾವತಿಯಲ್ಲಾಗಲಿ, ಸಾಲಿಗ್ರಾಮದ ಬಳಿಯ ಸೀತಾನದಿಯ ಹಿನ್ನೀರಿನಲ್ಲಾಗಲಿ ಪ್ರವಾಸಿಗರು ಬಾಡಿಗೆಗೆ ಪಡೆಯುವ ಕಯಾಕುಗಳಲ್ಲಿ ಬಹುಪಾಲು ಮೇಲೆ ಕುಳಿತು ನಡೆಸುವಂಥವು. ಅವುಗಳಲ್ಲಿ ಕಾಲು ಒಳಗೆ ಸಿಕ್ಕಿಕೊಳ್ಳುವ ಗುಳಿ ಇರುವುದಿಲ್ಲ. ಮಗುಚಿದ ಕೂಡಲೇ ಮನುಷ್ಯ ದೋಣಿಯಿಂದ ಬೇರೆಯಾಗುತ್ತಾನೆ. ಅಂಥ ದೋಣಿಗೆ ರೋಲ್ ಬೇಕಾಗಿಲ್ಲ. ತಳದ ಮೇಲಿನಿಂದ ಕೈ ಚಾಚಿ ಆಚೆಯ ಅಂಚನ್ನು ಹಿಡಿದು ದೋಣಿಯನ್ನು ತಿರುವಿ, ಕಾಲು ಬಡಿಯುತ್ತ ಹೊಟ್ಟೆಯ ಮೇಲೆ ಹತ್ತಿ ಕುಳಿತರೆ ಆಯಿತು. ವರ್ಷಕ್ಕೆ ಎರಡು ಸಲ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ನೋಡಲು ಹೋಗುವವರು ಇಷ್ಟನ್ನು ಹತ್ತು ಸಲ ಅಭ್ಯಾಸ ಮಾಡಿದರೆ ಸಾಕು. ಮುಂದಿನ ಮಾತುಗಳು ಒಳಗೆ ಕುಳಿತು, ದೋಣಿಯ ಬಾಯಿಗೆ ನೀರು ನುಗ್ಗದಂತೆ ಮುಚ್ಚುವ ಸ್ಪ್ರೇ ಸ್ಕರ್ಟನ್ನು ಸೊಂಟಕ್ಕೆ ಬಿಗಿದು ನಡೆಸುವ ಕಯಾಕಿಗೆ ಸಂಬಂಧಿಸಿದವು.

ಅಳೆಯಬೇಕಾದ ಸಂಗತಿಗಳು

ಮೊದಲನೆಯದು ನೀರು. ರೋಲ್ ಹುಟ್ಟಿದ್ದು ಉತ್ತರ ಧ್ರುವದ ಸುತ್ತಲಿನ ಜನರ ನಡುವೆ. ಅಲ್ಲಿ ದೋಣಿಯಿಂದ ಹೊರಬೀಳುವುದೆಂದರೆ ಹೆಚ್ಚುಕಡಿಮೆ ಸಾವೇ. ಹಿಮದಷ್ಟು ತಣ್ಣನೆಯ ನೀರಿನಲ್ಲಿ ಈಜು ಬಂದರೂ ಬಾರದಿದ್ದರೂ ಒಂದೇ. ಗ್ರೀನ್‌ಲ್ಯಾಂಡಿನ ಬೇಟೆಗಾರರು ತೊಡುತ್ತಿದ್ದ ‘ತುಯಿಲಿಕ್’ ಎಂಬ ತೊಗಲಿನ ಅಂಗಿಯನ್ನು ಮುಖ, ಮಣಿಕಟ್ಟು ಮತ್ತು ದೋಣಿಯ ಬಾಯಿಗೆ ನೀರು ನುಗ್ಗದಂತೆ ಬಿಗಿಯುತ್ತಿದ್ದರು. ಹಾರ್ಪೂನ್ ಎಂಬ ಬೇಟೆಯ ಈಟಿಯ ಹಗ್ಗಕ್ಕೆ ಒಂದು ಕೈ ಸಿಕ್ಕಿಕೊಂಡಾಗ ಏಳುವುದು ಹೇಗೆ, ಹುಟ್ಟು ಕಳೆದುಹೋದಾಗ ‘ನೋರ್ಸಕ್’ ಎಂಬ ಈಟಿ ಎಸೆಯುವ ಹಲಗೆಯಿಂದಲೇ ಏಳುವುದು ಹೇಗೆ ಎಂದು ಒಂದೊಂದು ಅಪಾಯಕ್ಕೆ ಒಂದೊಂದು ರೋಲ್ ಅವರಲ್ಲಿ ಬೆಳೆಯಿತು. ಇಂದಿಗೂ ಅಲ್ಲಿನ ರಾಷ್ಟ್ರೀಯ ಸ್ಪರ್ಧೆಯಲ್ಲಿ 30ಕ್ಕೂ ಹೆಚ್ಚು ಬಗೆಯ ರೋಲ್‌ಗಳನ್ನು ಮಾಡಿ ತೋರಿಸಬೇಕಾಗುತ್ತದೆ. ಅವರಿಂದ ವಿದ್ಯೆ ಕಲಿತು ನಿಪುಣನಾಗಿದ್ದ ಬ್ರಿಟಿಷ್ ಅನ್ವೇಷಕ ಗಿನೋ ವಾಟ್ಕಿನ್ಸ್ 1932ರ ಆಗಸ್ಟಿನಲ್ಲಿ ಪೂರ್ವ ಗ್ರೀನ್‌ಲ್ಯಾಂಡಿನಲ್ಲಿ ಒಬ್ಬನೇ ಸೀಲ್ ಬೇಟೆಗೆ ಹೋದವನು ಹಿಂದಿರುಗಲಿಲ್ಲ. ಅವನ ಕಯಾಕ್ ಸಿಕ್ಕಿತು, ದೇಹ ಸಿಗಲಿಲ್ಲ. ನಮ್ಮ ಅರಬ್ಬಿ ಸಮುದ್ರದ ನೀರು ವರ್ಷದ ಬಹುಕಾಲ 27ರಿಂದ 30 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರುವುದರಿಂದ, ಹೊರಬಿದ್ದವನಿಗೆ ಯೋಚಿಸಲು ಸಮಯವಿರುತ್ತದೆ. ಚಳಿ ನಮಗೆ ದೊಡ್ಡ ಮಾನದಂಡವಲ್ಲ. ಬಂಡೆ, ಅಲೆ ಮತ್ತು ಆಳ ಮಾತ್ರ ಖಂಡಿತ ಮಾನದಂಡಗಳು.

ಎರಡನೆಯದು ದೋಣಿ ಮತ್ತು ಹುಟ್ಟು. ಹೊಳೆಯ ಕಯಾಕ್ ಗಿಡ್ಡ, ದುಂಡು ತಳದ್ದು, ತೊಡೆಗೆ ಬಿಗಿಯಾಗಿ ಕೂರುವಂಥದ್ದು. ಸಮುದ್ರದ ಕಯಾಕ್ ಐದು ಮೀಟರಿನ ಆಸುಪಾಸಿನ ಉದ್ದದ್ದು, ಸಾಮಾನು ತುಂಬಿದರೆ ಇನ್ನಷ್ಟು ನಿಧಾನವಾಗಿ ಹೊರಳುವಂಥದ್ದು. ಆಸನದ ಹಿಂದಿನ ಒರಗು ಎತ್ತರವಾಗಿದ್ದರೆ ಹಿಂದಕ್ಕೆ ಮಲಗುವ ಯಾವ ರೋಲೂ ಸಾಧ್ಯವಿಲ್ಲ, ಅದನ್ನು ಕೊಳ್ಳುವಾಗಲೇ ನೋಡಿಕೊಳ್ಳಬೇಕು. ಅಗಲ ಅಲಗಿನ ಯುರೋಪಿಯನ್ ಹುಟ್ಟುಗಳಲ್ಲಿ ಎರಡು ಅಲಗುಗಳು ಒಂದಕ್ಕೊಂದು ಓರೆಯಾಗಿರುವುದುಂಟು. ನೀರಿನೊಳಗೆ ಅಲಗು ಯಾವ ಕಡೆಗೆ ಮುಖ ಮಾಡಿದೆ ಎಂದು ತಿಳಿಯದೆ ಕಲಿಯುವವರು ಕಂಗೆಡುವುದು ಇದರಿಂದಲೇ. ಓರೆಯನ್ನು ಬದಲಿಸಬಹುದಾದ ಹುಟ್ಟಾದರೆ ಕಲಿಯುವ ಕಾಲದಲ್ಲಿ ಸೊನ್ನೆಗೆ ಇಟ್ಟುಕೊಳ್ಳುವುದು ಒಳಿತು.

ಮೂರನೆಯದು ಮೈ. ಹಿಂದೆ ಭುಜ ಜಾರಿದ್ದವರು, ದಿನವಿಡೀ ಕುಳಿತು ಬೆನ್ನು ಮರಗಟ್ಟಿದವರು, ಪಕ್ಕಕ್ಕೆ ಬಾಗಲಾರದವರು ತಮ್ಮ ಮಿತಿಗೆ ತಕ್ಕ ಬಗೆಯನ್ನೇ ಆರಿಸಬೇಕು. ಮೊಣಕೈ ಭುಜಕ್ಕಿಂತ ಮೇಲೇರಿ ತೋಳು ಹಿಂದಕ್ಕೆ ತಿರುಚಿದ ಸ್ಥಿತಿಯಲ್ಲಿ ಹುಟ್ಟಿನ ಮೇಲೆ ಭಾರ ಬಿದ್ದರೆ ಭುಜದ ಕೀಲು ಮುಂದಕ್ಕೆ ಕಳಚುತ್ತದೆ. ಎಲ್ಲ ರೋಲ್‌ಗಳಲ್ಲೂ ಕೈಗಳು ಎದೆಯ ಮುಂದೆಯೇ ಇರಬೇಕೆಂಬ ನಿಯಮ ಬಂದದ್ದು ಹೀಗೆ.

ನಾಲ್ಕನೆಯದನ್ನು ಹೊಸಬರು ಗಮನಿಸುವುದೇ ಇಲ್ಲ: ಎದ್ದ ಮೇಲೆ ಯಾವ ಭಂಗಿಯಲ್ಲಿರುತ್ತೀರಿ? ಹಿಂದಕ್ಕೆ ಮಲಗಿ ಎದ್ದವನು ಕುಳಿತುಕೊಳ್ಳುವುದರೊಳಗೆ ಮುಂದಿನ ಅಲೆ ಬಂದಿರುತ್ತದೆ. ಮುಂದಕ್ಕೆ ಬಾಗಿ ಎದ್ದವನು ಆ ಹೊತ್ತಿಗೆ ಹುಟ್ಟು ಹಾಕುತ್ತಿರುತ್ತಾನೆ.

ಎಲ್ಲ ಬಗೆಗಳಿಗೂ ಒಂದೇ ಬೇರು

ಹೆಸರುಗಳು ಎಷ್ಟೇ ಇರಲಿ, ದೋಣಿಯನ್ನು ತಿರುಗಿಸುವುದು ಸೊಂಟ ಮತ್ತು ಮೊಣಕಾಲು. ಹುಟ್ಟು ನೀರಿನ ಮೇಲ್ಮೈಯಲ್ಲಿ ಒಂದು ಕ್ಷಣದ ಆಸರೆ ಕೊಡುತ್ತದೆ; ಆ ಕ್ಷಣದಲ್ಲಿ ದೇಹ ಯಾವ ಬದಿಯಲ್ಲಿದೆಯೋ ಆ ಬದಿಯ ಮೊಣಕಾಲನ್ನು ಡೆಕ್ಕಿನ (ದೋಣಿಯ ಮೇಲುಹೊದಿಕೆಯ) ಒಳಭಾಗಕ್ಕೆ ಒತ್ತಿ ಸೊಂಟವನ್ನು ಕೊಡವಿದಾಗ ದೋಣಿ ಮೊದಲು ನೆಟ್ಟಗಾಗುತ್ತದೆ, ಆಮೇಲೆ ಮುಂಡ, ಕೊನೆಗೆ ತಲೆ. ಮನುಷ್ಯನ ತಲೆ ನಾಲ್ಕೈದು ಕಿಲೊ ತೂಗುತ್ತದೆ. ನೀರಿನಲ್ಲಿರುವವರೆಗೆ ಆ ಭಾರವನ್ನು ನೀರೇ ಹೊರುತ್ತದೆ, ಉಸಿರಿಗಾಗಿ ಅವಸರಪಟ್ಟು ತಲೆಯನ್ನು ಮೊದಲು ಎತ್ತಿದರೆ ಆ ಭಾರವೆಲ್ಲ ದೋಣಿಯನ್ನು ಮತ್ತೆ ಕೆಳಕ್ಕೆ ಎಳೆಯುತ್ತದೆ. ರೋಲ್ ತಪ್ಪುವುದಕ್ಕೆ ಇದಕ್ಕಿಂತ ಸಾಮಾನ್ಯವಾದ ಕಾರಣ ಇನ್ನೊಂದಿಲ್ಲ. ಈಜುಕೊಳದ ಅಂಚನ್ನೋ ಗೆಳೆಯರ ಅಂಗೈಯನ್ನೋ ಹಿಡಿದು, ಭಾರ ಬಿಡದೆ, ಬರೀ ಸೊಂಟದಿಂದ ದೋಣಿಯನ್ನು ಹೊರಳಿಸುವ ಅಭ್ಯಾಸ ನೂರಾರು ಸಲ ಆಗಿರದಿದ್ದರೆ ಮುಂದಿನ ಹೋಲಿಕೆಗೆ ಅರ್ಥವೇ ಇಲ್ಲ.

ಸಿ-ಟು-ಸಿ

ಹುಟ್ಟನ್ನು ದೋಣಿಯ ಪಕ್ಕಕ್ಕೆ ಸಮಾನಾಂತರವಾಗಿ ತಂದು, ನೀರಿನ ಮೇಲ್ಮೈಯಲ್ಲಿ ಲಂಬಕೋನಕ್ಕೆ ತಿರುಗಿಸಿ, ಮೈಯನ್ನು ಇಂಗ್ಲಿಷಿನ ಸಿ ಅಕ್ಷರದಂತೆ ಮೇಲ್ಮೈಯತ್ತ ಬಾಗಿಸಿ, ಒಂದೇ ಕೊಡವಿಗೆ ಎದುರು ದಿಕ್ಕಿನ ಸಿ ಆಗಿಸುವುದು ಇದರ ಕ್ರಮ. ಹಂತಗಳು ಬಿಡಿಬಿಡಿಯಾಗಿರುವುದರಿಂದ ಕಲಿಸುವವರಿಗೆ ಇದು ಪ್ರಿಯ. ತಪ್ಪು ಎಲ್ಲಿ ಆಯಿತೆಂದು ಕೊಳದ ಬದಿಯಲ್ಲಿ ನಿಂತವರು ಬೊಟ್ಟು ಮಾಡಿ ಹೇಳಬಹುದು. ಅಲಗಿನ ಕೋನವನ್ನು ದೀರ್ಘಕಾಲ ಕಾಯ್ದುಕೊಳ್ಳಬೇಕಾಗಿಲ್ಲ. ಗಿಡ್ಡ, ದುಂಡು ತಳದ ಹೊಳೆಯ ಕಯಾಕಿನಲ್ಲಿ ಇದು ಥಟ್ಟನೆ ಕೆಲಸ ಮಾಡುತ್ತದೆ.

ಆದರೆ ಕೆಲಸವೆಲ್ಲ ಒಂದೇ ಕ್ಷಣಕ್ಕೆ ಬೀಳುತ್ತದೆ. ಆ ಕ್ಷಣ ತಪ್ಪಿತೆಂದರೆ ರೋಲೇ ತಪ್ಪಿತು. ದೋಣಿ ಅಗಲವಾಗಿದ್ದರೆ ಹುಟ್ಟಿನ ಕೋಲು ತಳಕ್ಕೆ ತಾಗಿ ಲಂಬಕೋನಕ್ಕೆ ಬರುವುದೇ ಇಲ್ಲ. ತೋಳು ಗಿಡ್ಡವಾದವರಿಗೆ ಈ ತೊಡಕು ಹೆಚ್ಚು. ಸಾಮಾನು ತುಂಬಿದ ಸಮುದ್ರದ ಕಯಾಕ್ ಅಂಥ ಚುರುಕಿನ ಕೊಡವಿಗೆ ಅಷ್ಟು ಬೇಗ ಓಗೊಡುವುದಿಲ್ಲ. ಪಕ್ಕದ ಸ್ನಾಯುಗಳು ಬಿಗಿಯಾಗಿದ್ದ ನಾನು ಮೊದಲ ವರ್ಷವನ್ನು ಇದರ ಬೆನ್ನು ಹತ್ತಿಯೇ ಕಳೆದೆ. ಸಾಮರ್ಥ್ಯ ಸಾಲದೆಂದು ಕೈಯ ಬಲ ಹೆಚ್ಚಿಸಿದಷ್ಟೂ ಅಲಗು ಮುಳುಗುತ್ತಿತ್ತು. ಕೊನೆಗೆ ನನ್ನನ್ನು ಎಬ್ಬಿಸಿದ್ದು ಮುಂದಿನ ಬಗೆ.

ಸ್ವೀಪ್

ಮುಂದಕ್ಕೆ ಬಾಗಿ ಮುಖವನ್ನು ಡೆಕ್ಕಿನ ಹತ್ತಿರಕ್ಕೆ ತಂದು, ಅಲಗನ್ನು ದೋಣಿಯ ಮೂತಿಯ ಬಳಿ ಮೇಲ್ಮೈಗೆ ಮುಟ್ಟಿಸಿ, ಅಲ್ಲಿಂದ ಹೊರಕ್ಕೆ ಕಮಾನಿನಂತೆ ಬೀಸುತ್ತ, ಮುಂಡ ತಿರುಗಿದ ಹಾಗೆ ದೋಣಿಯನ್ನೂ ಸ್ವಲ್ಪಸ್ವಲ್ಪವಾಗಿ ತಿರುಗಿಸುವುದು ಸ್ವೀಪ್ ರೋಲ್. ಬ್ರಿಟನ್ನಿನಲ್ಲಿ ಸ್ಕ್ರೂ ರೋಲ್ ಎಂದು ಕಲಿಸುವುದು ಬಹುಮಟ್ಟಿಗೆ ಇದನ್ನೇ. ಬೆಣ್ಣೆಯ ಮೇಲೆ ಚಾಕು ಸವರಿದ ಹಾಗೆ ಅಲಗು ಜಾರಬೇಕು. ಅದರ ಮುಂದಿನ ಅಂಚು ಕೂದಲೆಳೆಯಷ್ಟು ಮೇಲೆದ್ದಿದ್ದರೆ ಬೀಸಿದಷ್ಟು ಹೊತ್ತೂ ಅದು ಮೇಲಕ್ಕೇ ಏರುತ್ತ ಆಸರೆ ಕೊಡುತ್ತದೆ. ಆಸರೆ ಒಂದು ಕ್ಷಣದ ಬದಲು ಇಡೀ ಕಮಾನಿನುದ್ದಕ್ಕೂ ಹರಡಿರುವುದರಿಂದ ಸೊಂಟದ ಸಮಯ ಸ್ವಲ್ಪ ತಪ್ಪಿದರೂ ಎದ್ದುಬಿಡಬಹುದು. ಇದರ ದೊಡ್ಡ ಗುಣ ಈ ಕ್ಷಮೆಯೇ. ಆರಂಭದ ಭಂಗಿಯಲ್ಲಿ ಮುಖ ಮತ್ತು ಎದೆ ಡೆಕ್ಕಿಗೆ ಅಂಟಿರುವುದರಿಂದ ಬಂಡೆಯ ಪೆಟ್ಟು ಹೆಲ್ಮೆಟ್ಟಿಗೂ ಲೈಫ್ ಜಾಕೆಟ್ಟಿನ ಬೆನ್ನಿಗೂ ಬೀಳುತ್ತದೆ.

ಇದರ ದೋಷ ಅಲಗಿನ ಕೋನದಲ್ಲಿದೆ. ಅಂಚು ಕೆಳಮುಖವಾದರೆ ಹುಟ್ಟು ನೇರ ಆಳಕ್ಕೆ ಇಳಿಯುತ್ತದೆ, ನೀರಿನೊಳಗೆ ಅದು ಕಣ್ಣಿಗೆ ಕಾಣುವುದಿಲ್ಲ. ಮಣಿಕಟ್ಟಿಗೆ ಆ ಅರಿವು ಬರುವವರೆಗೆ ಈಜುಗನ್ನಡಕ ಹಾಕಿಕೊಂಡು ಅಲಗನ್ನು ಕಣ್ಣಿನಿಂದಲೇ ಹಿಂಬಾಲಿಸುವುದು ಉಪಯುಕ್ತ; ಹಾಗೆ ಹಿಂಬಾಲಿಸಿದಾಗ ತಲೆಯೂ ಕೆಳಗೇ ಉಳಿಯುತ್ತದೆ. ಎರಡನೆಯ ದೋಷವೆಂದರೆ ಬೀಸು ತುಂಬ ಹಿಂದಕ್ಕೆ ಹೋಗುವುದು. ಹುಟ್ಟು ಸೊಂಟವನ್ನು ದಾಟಿ ಹಿಂದೆ ಹೋದರೆ ಭುಜ ಆಗಲೇ ಹೇಳಿದ ಅಪಾಯದ ಸ್ಥಿತಿಗೆ ಬಂದಿರುತ್ತದೆ. ಇವೆರಡನ್ನು ತಿದ್ದಿಕೊಂಡರೆ ಹೊಳೆಗೂ ಸಮುದ್ರಕ್ಕೂ ಹೊಂದುವ ಬಗೆ ಇದೊಂದೇ ಎಂದು ನನ್ನ ಅನಿಸಿಕೆ.

ಲೇಬ್ಯಾಕ್, ಮತ್ತು ಮಾರು-ಮೊಳದ ಹುಟ್ಟು

ಹಿಂದಿನ ಡೆಕ್ಕಿನ ಮೇಲೆ ಬೆನ್ನು ಚೆಲ್ಲಿ, ಮುಖ ಆಕಾಶಕ್ಕೆ ಮಾಡಿ ಏಳುವ ಗ್ರೀನ್‌ಲ್ಯಾಂಡಿನ ರೋಲ್ ನೋಡಲು ಎಷ್ಟು ಚೆಂದವೋ ಮಾಡಲೂ ಅಷ್ಟೇ ಹಗುರ. ದೇಹ ನೀರಿನ ಮಟ್ಟದಲ್ಲೇ ಉಳಿದು ದೋಣಿಯ ಮೇಲಕ್ಕೆ ಜಾರುವುದರಿಂದ ಎತ್ತಬೇಕಾದ ಭಾರ ಬಹಳ ಕಡಿಮೆ. ಐವತ್ತು ದಾಟಿದವರೂ, ತೋಳಬಲ ಇಲ್ಲದವರೂ ಇದನ್ನು ಕೆಲವೇ ದಿನಗಳಲ್ಲಿ ಕಲಿತದ್ದುಂಟು. ಅದಕ್ಕೆ ಬೇಕಾದದ್ದು ತಗ್ಗಾದ ಹಿಂಬದಿಯ ಡೆಕ್, ಬೆನ್ನಿನ ಕಡೆ ದಪ್ಪವಿಲ್ಲದ ಲೈಫ್ ಜಾಕೆಟ್, ಹಿಂದಕ್ಕೆ ಬಾಗಬಲ್ಲ ಬೆನ್ನು.

ಇದಕ್ಕೆ ಹೇಳಿಮಾಡಿಸಿದ್ದು ಗ್ರೀನ್‌ಲ್ಯಾಂಡಿನ ಸಪೂರ ಮರದ ಹುಟ್ಟು. ಅದರ ಉದ್ದದ ಲೆಕ್ಕ ಕೇಳಿದರೆ ನಮ್ಮ ಬಡಗಿಗಳಿಗೆ ವಿವರಿಸಬೇಕಾಗಿಲ್ಲ: ನಡೆಸುವವನ ಒಂದು ಮಾರು ಮತ್ತು ಒಂದು ಮೊಳ. ಅಲಗಿನ ಅಗಲ ಅಂಗೈಯಲ್ಲಿ ಹಿಡಿಯುವಷ್ಟು, ಅಂದರೆ ಎಂಟೊಂಬತ್ತು ಸೆಂಟಿಮೀಟರ್. ಎರಡೂ ಅಲಗುಗಳು ಒಂದೇ ಸಮತಲದಲ್ಲಿರುವುದರಿಂದ ಕತ್ತಲೆಯಲ್ಲೂ ಕೋನ ಕೈಗೆ ತಿಳಿಯುತ್ತದೆ. ಗಂಟಿಲ್ಲದ, ನೇರ ಎಳೆಯ ಹಗುರ ಮರ ಸಿಕ್ಕಿದರೆ ಊರಿನ ಬಡಗಿಯಿಂದಲೇ ಮಾಡಿಸಬಹುದು. ಹೊರದೇಶದ ಕಾರ್ಬನ್ ಹುಟ್ಟಿನ ಬೆಲೆಗೆ ಹೋಲಿಸಿದರೆ ಇದು ದೊಡ್ಡ ಉಳಿತಾಯ.

ಇಷ್ಟೆಲ್ಲ ಹೊಗಳಿದ ಮೇಲೆ ಹೇಳಲೇಬೇಕಾದ ಮಾತು: ಬಂಡೆಯಿರುವ ಹೊಳೆಯಲ್ಲಿ ಇದನ್ನು ಮಾಡಬಾರದು. ಮುಖ, ಕುತ್ತಿಗೆ, ಎದೆ ಮೂರೂ ಬಂಡೆಗೆ ತೆರೆದಿರುತ್ತವೆ. ದಾಂಡೇಲಿಯ ಬಳಿ ಗಣೇಶಗುಡಿಯ ಕಾಳಿಯಲ್ಲಾಗಲಿ, ಮಳೆಗಾಲದಲ್ಲಿ ಕೇರಳದ ಕೋಡಂಚೇರಿ ಕಡೆಯ ಚಾಲಿಪುಳದಲ್ಲಾಗಲಿ ಕಯಾಕ್ ಇಳಿಸುವ ಆಸೆಯಿರುವವರು ಇದನ್ನು ಮೊದಲ ರೋಲ್ ಆಗಿ ಕಲಿತರೆ, ಗಾಬರಿಯ ಕ್ಷಣದಲ್ಲಿ ಮೈ ಅದನ್ನೇ ಮಾಡುತ್ತದೆ. ಮೊದಲು ಕಲಿತದ್ದನ್ನು ಮರೆಸುವುದು ಹೊಸದನ್ನು ಕಲಿಯುವುದಕ್ಕಿಂತ ಕಷ್ಟ.

ಗ್ರೀನ್‌ಲ್ಯಾಂಡಿನದೇ ಆದ ಸ್ಟಾರ್ಮ್ ರೋಲ್ ಮುಂದಕ್ಕೆ ಬಾಗಿಯೇ ಮುಗಿಯುವಂಥದ್ದು, ಬಿರುಸಿನ ಅಲೆಗೆ ಹೆಚ್ಚು ತಕ್ಕದ್ದು. ಕಲಿಯಲು ಕಷ್ಟ, ಆದ್ದರಿಂದ ಎರಡನೆಯ ವರ್ಷದ ಪಾಠವಾಗಿರಲಿ.

ಪಾವ್ಲಾಟಾ

ಯುರೋಪಿನಲ್ಲಿ ಮೊದಲು ರೋಲ್ ಮಾಡಿದವನೆಂದು ಹೆಸರಾದ ಆಸ್ಟ್ರಿಯಾದ ಹಾನ್ಸ್ ಪಾವ್ಲಾಟಾ 1927ರಲ್ಲಿ ಗುರುವಿಲ್ಲದೆ, ಧ್ರುವಯಾತ್ರಿಕರ ಬರಹಗಳನ್ನು ಓದಿಯೇ ಇದನ್ನು ಸಾಧಿಸಿದ. ಒಂದು ಕೈಯಿಂದ ಹುಟ್ಟಿನ ಹಿಂದಿನ ಅಲಗಿನ ತುದಿಯನ್ನೇ ಹಿಡಿದು, ಇಡೀ ಹುಟ್ಟನ್ನು ಉದ್ದ ಸನ್ನೆಗೋಲಾಗಿ ಚಾಚಿ ಬೀಸುವುದರಿಂದ ಆಸರೆ ಬಹಳ ಹೆಚ್ಚು. ಬಿಗಿ ಮೈಯವರಿಗೂ ಭಾರ ತುಂಬಿದ ದೋಣಿಗೂ ಇದು ವರವೇ. ಆದರೆ ತಲೆಕೆಳಗಾಗಿರುವಾಗ ಹಿಡಿತ ಬದಲಿಸಬೇಕು, ಎದ್ದ ಮೇಲೆ ಮತ್ತೆ ಬದಲಿಸಬೇಕು. ಹರಿಯುವ ನೀರಿನಲ್ಲಿ ಆ ಎರಡು ಬದಲಾವಣೆಗಳ ನಡುವೆ ಹುಟ್ಟು ಕೈಬಿಟ್ಟು ಹೋಗುವುದು ಸುಲಭ. ತಿಂಗಳುಗಟ್ಟಲೆ ಸೋತು ಬೇಸತ್ತವರು ಇದರಿಂದ ಒಮ್ಮೆ ಎದ್ದು, ಏಳುವ ಅನುಭವ ಹೇಗಿರುತ್ತದೆಂದು ಮೈಗೆ ತಿಳಿಸಿ, ಆಮೇಲೆ ಹಿಡಿತವನ್ನು ಇಂಚಿಂಚಾಗಿ ಸಹಜ ಸ್ಥಾನಕ್ಕೆ ತಂದು ಸ್ವೀಪಿಗೆ ದಾಟಬಹುದು. ಊರುಗೋಲಿನಂತೆ ಬಳಸಿ ಬಿಟ್ಟುಬಿಡುವುದಕ್ಕೆ ಒಳ್ಳೆಯದು.

ಬರಿಗೈಯ ರೋಲ್ ಮತ್ತು ಹೊಳೆಯ ಆಟಗಾರರು ಮಾಡುವ ಬ್ಯಾಕ್ ಡೆಕ್ ರೋಲ್‌ಗಳ ಬಗ್ಗೆ ಹೆಚ್ಚು ಹೇಳಲಾರೆ. ಮೊದಲನೆಯದು ಸೊಂಟದ ಪರೀಕ್ಷೆಗೆ ಚೆನ್ನ. ಎರಡನೆಯದು ವೇಗದ್ದು, ಆದರೆ ಭುಜಕ್ಕೆ ಹಿತವಲ್ಲ. ಮೊದಲ ಆಯ್ಕೆಯ ಪಟ್ಟಿಗೆ ಎರಡೂ ಸೇರುವುದಿಲ್ಲ.

ರೋಲ್ ಇಲ್ಲದೆಯೂ ದಾರಿಯಿದೆ

ಸ್ಕರ್ಟಿನ ಮುಂದಿನ ಪಟ್ಟಿಯನ್ನು ಎಳೆದು ಹೊರಬರುವುದು ಎಲ್ಲರ ಮೊದಲ ಪಾಠ, ಅದು ನಿದ್ದೆಗಣ್ಣಿನಲ್ಲೂ ಬರಬೇಕು. ಜೊತೆಗಾರರಿದ್ದರೆ ಅವರು ನಿಮ್ಮ ದೋಣಿಯನ್ನು ತಮ್ಮದಕ್ಕೆ ಅಡ್ಡಲಾಗಿ ಎಳೆದು, ನೀರು ಚೆಲ್ಲಿ, ತಿರುವಿ, ಹಿಡಿದು ನಿಂತು ನಿಮ್ಮನ್ನು ಹತ್ತಿಸಿಕೊಳ್ಳುವ ಟಿ-ರಕ್ಷಣೆಗೆ ಎರಡು ಮೂರು ನಿಮಿಷ ಸಾಕು. ಒಳಗೇ ಉಳಿದು ತಳವನ್ನು ಬಡಿದು, ಗೆಳೆಯನ ದೋಣಿಯ ಮೂತಿ ಕೈಗೆ ಸಿಗುವವರೆಗೆ ಕಾಯುವ ವಿಧಾನವೂ ಇದೆ. ರೋಲ್ ಕಲಿಯುವವರಿಗೆ ಇದು ಒಳ್ಳೆಯ ಜೊತೆ, ಏಕೆಂದರೆ ತಪ್ಪಿದ ಪ್ರತಿ ಸಲವೂ ಹೊರಬಂದು ದೋಣಿ ಬರಿದು ಮಾಡುವ ಶ್ರಮ ತಪ್ಪುತ್ತದೆ. ಒಬ್ಬರೇ ಹೋಗುವವರು ಹುಟ್ಟಿನ ತುದಿಗೆ ಕಟ್ಟುವ ಗಾಳಿಚೀಲವನ್ನು ಇಟ್ಟುಕೊಂಡು, ನೀರಿನಲ್ಲೇ ದೋಣಿಯೊಳಗೆ ಮತ್ತೆ ಸೇರಿ ಅದರ ಆಸರೆಯಿಂದ ಏಳುವುದನ್ನು ಕಲಿಯಬೇಕು. ಎದ್ದಾಗ ದೋಣಿಯ ತುಂಬ ನೀರಿರುತ್ತದೆಂಬುದನ್ನು ಮರೆಯಬಾರದು, ಪಂಪ್ ಬೇಕು.

ಶಾಂತವಾದ ಬೆಚ್ಚಗಿನ ಹಿನ್ನೀರಿನಲ್ಲಿ, ಜೊತೆಗಾರರೊಂದಿಗೆ ಹೋಗುವವರಿಗೆ ಇಷ್ಟೇ ಸಾಕೆಂದು ನಾನು ಧೈರ್ಯವಾಗಿ ಹೇಳುತ್ತೇನೆ. ಬಂಡೆಗಳ ನಡುವಿನ ಸೆಳವಿನಲ್ಲಿ, ದಡಕ್ಕೆ ಒಡೆಯುವ ಅಲೆಗಳಲ್ಲಿ, ಅಳಿವೆಯ ಬಾಯಲ್ಲಿ ಇದು ಸಾಲದು. ಅಲ್ಲಿ ಹೊರಬಿದ್ದವನು ಬಂಡೆಗೂ ನೀರು ತುಂಬಿದ ದೋಣಿಗೂ ನಡುವೆ ಸಿಕ್ಕಿಕೊಳ್ಳುತ್ತಾನೆ.

ಕಲಿಯುವ ಜಾಗ ಮತ್ತು ಖರ್ಚು

ರೋಲ್ ಕಲಿಯುವಾಗ ಮೂಗಿನೊಳಗೆ ನೀರು ನುಗ್ಗುವುದು ದಿನಕ್ಕೆ ಹತ್ತಾರು ಸಲ. ನಿಂತ, ಬೆಚ್ಚಗಿನ ಸಿಹಿನೀರಿನಲ್ಲಿ ಮೂಗಿನ ಮೂಲಕ ಮಿದುಳಿಗೆ ಹೋಗುವ ಅಮೀಬಾದ ಸೋಂಕು ಕೇರಳದಲ್ಲಿ ಈಚಿನ ವರ್ಷಗಳಲ್ಲಿ ಜೀವ ತೆಗೆದಿದೆ. ಮಳೆಗಾಲದ ಕೆಸರುನೀರಿನಲ್ಲಿ ಇಲಿಜ್ವರದ ಭಯವಿದೆ. ಆದ್ದರಿಂದ ಕೆರೆ, ಮದಗ, ಕಲ್ಲುಕೋರೆಯ ಹೊಂಡಗಳನ್ನು ಬಿಟ್ಟು ಕ್ಲೋರಿನ್ ಹಾಕಿದ ಈಜುಕೊಳವನ್ನೋ, ಮಳೆಗಾಲ ಕಳೆದು ಶಾಂತವಾದ ಸಮುದ್ರವನ್ನೋ ಆರಿಸಿ. ಕೆಲವು ನೂರು ರೂಪಾಯಿಯ ಮೂಗಿನ ಕ್ಲಿಪ್ ಇಲ್ಲದೆ ಎಲ್ಲಿಯೂ ತಲೆಕೆಳಗಾಗಬೇಡಿ.

ಸ್ವಂತ ದೋಣಿ ಕೊಳ್ಳುವ ಮೊದಲು, ಇರುವ ಹಣವನ್ನು ಕಲಿಸುವವರ ಬಳಿ ಐದಾರು ದಿನ ಕಳೆಯಲು ಹಾಕುವುದು ಲೇಸು. ಹತ್ತಿರದಲ್ಲಿ ಸಿ-ಟು-ಸಿ ಚೆನ್ನಾಗಿ ಕಲಿಸುವವರು ಮಾತ್ರ ಇದ್ದರೆ ಅದನ್ನೇ ಕಲಿಯಿರಿ. ನೀರಿನೊಳಗಿನ ನಿಮ್ಮ ತಪ್ಪನ್ನು ಕಾಣುವ ಒಂದು ಜೊತೆ ಕಣ್ಣಿನ ಬೆಲೆ ಬಗೆಗಳ ನಡುವಿನ ವ್ಯತ್ಯಾಸಕ್ಕಿಂತ ಹೆಚ್ಚು.

ಹಾಗಾದರೆ ಯಾರಿಗೆ ಯಾವುದು?

ಬೆಂಗಳೂರಿನಲ್ಲಿದ್ದು ರಜೆಯಲ್ಲಿ ಕಾಳಿಗೋ ಋಷಿಕೇಶದ ಗಂಗೆಗೋ ಹೋಗುವವರು ಸ್ವೀಪಿನಿಂದ ಆರಂಭಿಸಲಿ. ಮೈ ಬಳುಕುವಂಥದ್ದಾಗಿ, ದೋಣಿ ಗಿಡ್ಡವಾಗಿ, ಒಳ್ಳೆಯ ಗುರು ಸಿಕ್ಕಿದರೆ ಸಿ-ಟು-ಸಿಯೂ ಸರಿಯೇ. ಮಂಗಳೂರು, ಉಡುಪಿ, ಕಾರವಾರದ ಕಡೆ ಉದ್ದನೆಯ ಸಮುದ್ರದ ಕಯಾಕ್ ಇಟ್ಟುಕೊಂಡವರು, ಹೊಳೆಯ ಬಂಡೆಗೆ ಎಂದೂ ಹೋಗುವುದಿಲ್ಲವೆಂದು ಖಚಿತವಿದ್ದರೆ, ಮಾರು-ಮೊಳದ ಹುಟ್ಟು ಮಾಡಿಸಿಕೊಂಡು ಲೇಬ್ಯಾಕ್ ಕಲಿಯಲಿ, ಮುಂದಿನ ಹಂಗಾಮಿಗೆ ಸ್ಟಾರ್ಮ್ ರೋಲ್ ಸೇರಿಸಲಿ. ಎರಡು ನೀರಿಗೂ ಹೋಗುವವರಿಗೆ ಸ್ವೀಪ್ ಬಿಟ್ಟು ಬೇರೆ ಸಲಹೆಯಿಲ್ಲ. ಭುಜ ಒಮ್ಮೆ ಜಾರಿದ್ದವರು ವೈದ್ಯರ ಒಪ್ಪಿಗೆ ಪಡೆದು, ಶಾಂತ ನೀರಿನಲ್ಲಿ ಮೊದಲು ಗೆಳೆಯನ ದೋಣಿಯ ಮೂತಿ ಹಿಡಿದು ಏಳುವುದನ್ನು ರೂಢಿಸಿಕೊಳ್ಳಲಿ.

ಕೊಳದಲ್ಲಿ ಹತ್ತಕ್ಕೆ ಹತ್ತು ಸಲ ಎದ್ದವನು ಅಲೆಯಲ್ಲಿ ಏಳದಿರುವುದು ಸಾಮಾನ್ಯ. ನೊರೆ ತುಂಬಿದ ನೀರಿನಲ್ಲಿ ಅಲಗಿಗೆ ಆಸರೆ ಕಡಿಮೆ, ಮಗುಚುವ ಮುನ್ನ ಉಸಿರು ತುಂಬಿಕೊಳ್ಳಲು ಬಿಡುವೂ ಇರುವುದಿಲ್ಲ. ಆದ್ದರಿಂದ ಆರಿಸಿದ ಬಗೆಯನ್ನು ಒಂದು ಬದಿಯಲ್ಲಿ ಗಟ್ಟಿ ಮಾಡಿಕೊಂಡ ಕೂಡಲೇ ಇನ್ನೊಂದು ಬದಿಗೂ ಕಲಿಯಬೇಕು. ದಡದತ್ತ ಒಡೆಯುವ ಅಲೆಯಲ್ಲಿ ಕಡಲಿನ ಕಡೆಗೆ ಏಳುವುದು ಸುಲಭ, ದಡದ ಕಡೆಗೆ ಏಳಲು ಅಲೆಯೇ ಬಿಡುವುದಿಲ್ಲ. ನಿಮಗೆ ಬರುವ ಬದಿ ಯಾವುದೆಂದು ಅಲೆ ಕೇಳುವುದಿಲ್ಲ. ಆಮೇಲೆ ಜೊತೆಗಾರರಿಗೆ ಹೇಳಿ, ಮಾತಿನ ನಡುವೆ, ಹುಟ್ಟು ಯಾವ ಸ್ಥಿತಿಯಲ್ಲಿದ್ದರೂ, ಮುನ್ಸೂಚನೆಯಿಲ್ಲದೆ ನಿಮ್ಮ ದೋಣಿಯನ್ನು ಮಗುಚಿಸಲಿ.